ಮೆನುವೋ ರಿಬ್ಬನ್ನೋ? ಎರಡನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೆನುವಿಗೆ. ಫೈಲ್, ಎಡಿಟ್, ವ್ಯೂ ಅಂತ ಮೇಲೆ ಒಂದು ಸಾಲು ಇರುತ್ತಿತ್ತಲ್ಲ, ಅದಕ್ಕೆ. ರಿಬ್ಬನ್ ಅಂದರೆ ಅದರ ಜಾಗಕ್ಕೆ ಬಂದ, ಟ್ಯಾಬ್ ಟ್ಯಾಬ್ ಆಗಿ ಗುಂಡಿಗಳನ್ನು ಜೋಡಿಸಿದ ಅಗಲದ ಪಟ್ಟಿ. ನನ್ನ ಹಳೇ ಕಂಪ್ಯೂಟರಿನಲ್ಲಿ ಕೊನೆಯವರೆಗೂ ಇದ್ದದ್ದು ಮೈಕ್ರೋಸಾಫ್ಟ್‌ನ ಆಫೀಸ್ 2003. ಅದು ಕೈಕೊಟ್ಟ ಮೇಲೆ ಹೊಸದು ತಗೊಂಡೆ, ವರ್ಷದ ಚಂದಾ ಕಟ್ಟಿ ಹೊಸ ಆಫೀಸನ್ನೂ ಹಾಕಿಕೊಂಡೆ. ಮೂರು ತಿಂಗಳು ಒದ್ದಾಡಿ, ಪಕ್ಕದಲ್ಲೇ ಅದೇ ಥರದ ಪುಕ್ಕಟೆ ತಂತ್ರಾಂಶ ಲಿಬ್ರೆಆಫೀಸ್ ಇಳಿಸಿಕೊಂಡೆ. ಈಗ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು.

ರಿಬ್ಬನ್ 2007ರಲ್ಲಿ ಸುಮ್ನೆ ಬಂದದ್ದಲ್ಲ. ವಿಂಡೋಸ್‌ಗೆ ಬಂದ ಮೊದಲ ವರ್ಡ್‌ನಲ್ಲಿ ಎರಡೇ ಟೂಲ್‌ಬಾರ್, ಅಂದರೆ ಗುಂಡಿಗಳ ಸಾಲು, ಇದ್ದವು, 2003ರ ಹೊತ್ತಿಗೆ 31 ಆಗಿದ್ದವು. ಅಷ್ಟರಲ್ಲಿ ಬೇಕಾದ್ದು ಹುಡುಕುವುದು ಕಷ್ಟವೇ. ಮೆನುಗಳೂ ಸಾಚಾ ಅಲ್ಲ ಬಿಡಿ. ಆಫೀಸ್ 2000ದಿಂದ, ನಾವು ಬಳಸದ ಆಯ್ಕೆಗಳನ್ನು ಮೆನುವೇ ಬಚ್ಚಿಡುತ್ತಿತ್ತು. ಕೆಳಗಿನ ಜೋಡಿ ಬಾಣ ಒತ್ತಿದರೆ ಹೊರಗೆ ಬರುತ್ತಿದ್ದವು. ಆ ಸೆಟ್ಟಿಂಗನ್ನು ನಾನು ಮೊದಲ ದಿನವೇ ತೆಗೆದುಹಾಕಿದ್ದೆ.

ಈಗ ನನ್ನ ತಕರಾರು. ನಾನು ಕೆಲಸ ಮಾಡುವುದು ಅರ್ಧ ಪರದೆಯಲ್ಲಿ. ಎಡಗಡೆ ಪಿಡಿಎಫ್, ಬಲಗಡೆ ವರ್ಡ್, ನೋಡಿಕೊಂಡು ಟೈಪ್ ಮಾಡುವುದು. ವರ್ಡ್ ಪೂರ್ತಿ ಪರದೆ ತುಂಬಿದ್ದಾಗ ಹೋಮ್ ಟ್ಯಾಬ್‌ನಲ್ಲಿ ಹೆಡಿಂಗ್ 1, ಹೆಡಿಂಗ್ 2 ಎಲ್ಲ ಸಾಲಾಗಿ ಕಾಣುತ್ತವೆ. ವಿಂಡೋವನ್ನು ಅರ್ಧಕ್ಕೆ ಎಳೆದರೆ ಅವು ಮುದುಡಿಕೊಂಡು ‘ಸ್ಟೈಲ್ಸ್’ ಅನ್ನುವ ಒಂದೇ ಗುಂಡಿ ಆಗುತ್ತವೆ. ಪಕ್ಕದ ಕೆಲವು ಗುಂಡಿಗಳು ಹೆಸರು ಕಳೆದುಕೊಂಡು ಬರೀ ಚಿತ್ರವಾಗಿ ನಿಲ್ಲುತ್ತವೆ. ಜಾಗ ಕಮ್ಮಿಯಾದರೆ ಹೀಗೆ ಮಡಚಿಕೊಳ್ಳಬೇಕು ಅಂತಲೇ ಅದನ್ನು ಮಾಡಿದ್ದಾರೆ, ಕೆಟ್ಟದ್ದೇನಲ್ಲ. ಆದರೆ ನನ್ನ ಕೈಗೆ ಅದು ಹೇಗೆ ಗೊತ್ತಾಗಬೇಕು? ಅದು ನಿನ್ನೆಯ ಜಾಗಕ್ಕೇ ಹೋಗುತ್ತದೆ.

ಟೇಬಲ್‌ಗಳ ಕಥೆ ಇನ್ನೂ ಜಾಸ್ತಿ. ಪ್ರತಿ ಪುಟದಲ್ಲೂ ಟೇಬಲ್‌ನ ತಲೆಸಾಲು ಬರಬೇಕು ಅಂದರೆ ಕರ್ಸರ್ ಟೇಬಲ್ ಒಳಗಿರಬೇಕು. ಆಗ ಮಾತ್ರ ಅದರ ಟ್ಯಾಬ್‌ಗಳು ಮೇಲೆ ಕಾಣಿಸಿಕೊಳ್ಳುತ್ತವೆ. ಹೊರಗೆ ಕ್ಲಿಕ್ ಮಾಡಿದರೆ ಮಾಯ. ವರ್ಡ್ 2016ರಲ್ಲಂತೂ ‘ಲೇಔಟ್’ ಹೆಸರಿನ ಟ್ಯಾಬ್ ಎರಡಿದ್ದವು, ಒಂದು ಪುಟದ್ದು, ಇನ್ನೊಂದು ಟೇಬಲ್‌ದು! 2003ರಲ್ಲಿ ‘ಟೇಬಲ್’ ಅನ್ನುವ ಮೆನು ಯಾವಾಗಲೂ ಅಲ್ಲೇ ಇತ್ತು. ಆಗ ನಡೆಯದ ಆಯ್ಕೆಗಳು ಬಣ್ಣಗೆಟ್ಟು ಕೂತಿರುತ್ತಿದ್ದವು, ಆದರೆ ಕೂತಿರುತ್ತಿದ್ದವು. ‘ಇದು ಇದೆ, ಈಗ ಆಗಲ್ಲ’ ಅಂತ ತಿಳಿದರೆ ಸಾಕಲ್ವಾ? ಲಿಬ್ರೆಆಫೀಸ್‌ನಲ್ಲಿ ವರ್ಡ್‌ನ ಜಾಗದಲ್ಲಿರುವ ರೈಟರ್‌ನಲ್ಲೂ ಆ ಟೇಬಲ್ ಮೆನು ಹಾಗೇ ಇದೆ. ಮೊದಲ ದಿನ ಅದನ್ನು ನೋಡಿದಾಗ ಹಳೇ ಪರಿಚಯದವರು ಸಿಕ್ಕ ಹಾಗಾಯಿತು.

ಹೊಸ ವರ್ಡ್‌ನಲ್ಲಿ ಮೇಲೆ ಹುಡುಕುವ ಪೆಟ್ಟಿಗೆ ಇದೆ. ಆಯ್ಕೆಯ ಹೆಸರು ಗೊತ್ತಿದ್ದರೆ ಒಳ್ಳೆಯದೇ.

ರೈಟರ್‌ನ ತೊಂದರೆ ಬೇರೆ. ಬೇರೆಯವರು ವರ್ಡ್‌ನಲ್ಲಿ ಮಾಡಿದ ಡಾಕ್ಸ್ ಫೈಲ್ ತೆರೆದರೆ ಕೆಲವು ಸಲ ಒಂದೆರಡು ಸಾಲು ಮುಂದಿನ ಪುಟಕ್ಕೆ ಜಾರುತ್ತವೆ, ಅದರಲ್ಲೂ ಅವರ ಫಾಂಟ್ ನನ್ನಲ್ಲಿ ಇಲ್ಲದಿದ್ದಾಗ. ನಾನು ಕಳಿಸುವುದು ಹೆಚ್ಚಾಗಿ ಪಿಡಿಎಫ್ ಆದ್ದರಿಂದ ನನಗೆ ನಡೆಯುತ್ತದೆ. ದಿನಾ ಫೈಲ್ ಅತ್ತಿತ್ತ ಓಡಾಡಿಸಿ ತಿದ್ದುವವರಿಗೆ ಇದು ತಲೆನೋವೇ. ವ್ಯೂ ಮೆನುವಿನ ‘ಯೂಸರ್ ಇಂಟರ್‌ಫೇಸ್’ನಲ್ಲಿ ರಿಬ್ಬನ್ ಥರದ ಟ್ಯಾಬ್‌ಗಳೂ ಸಿಗುತ್ತವೆ. ಒಂದು ದಿನ ಹಾಕಿ ನೋಡಿ, ತೆಗೆದೆ. ಬೇಕಾದವರು ಇಟ್ಟುಕೊಳ್ಳಲಿ, ಬೇಡದವರಿಗೆ ಹಳೆಯದೂ ಇದೆ.

ಎಕ್ಸೆಲ್ ವಿಷಯದಲ್ಲಿ ಮಾತ್ರ ನಾನು ಸೋತೆ. ಆಲ್ಟ್ ಒತ್ತಿ ಇ, ಎಸ್, ವಿ. ಸೂತ್ರ ಬಿಟ್ಟು ಬರೀ ಅದರ ಉತ್ತರ ಅಂಟಿಸಲು, ಅಂದರೆ ‘ಪೇಸ್ಟ್ ಸ್ಪೆಷಲ್’ಗೆ, ಹಳೇ ಎಡಿಟ್ ಮೆನುವಿನ ದಾರಿ ಅದು. ಮೆನು ಹೋಗಿ ಎಷ್ಟೋ ವರ್ಷವಾಯಿತು, ಆದರೂ ದಾರಿ ತೆರೆದೇ ಇದೆ. ಆಲ್ಟ್, ಇ ಒತ್ತಿದರೆ ಮೇಲೆ ಪುಟ್ಟ ಪೆಟ್ಟಿಗೆ ಬಂದು, ಹಳೇ ಆವೃತ್ತಿಯ ಕೀಗಳನ್ನು ಮುಂದುವರಿಸಿ ಅನ್ನುತ್ತದೆ. ನನ್ನಂಥವರಿಗಾಗಿಯೇ ಯಾರೋ ಕೂತು ಬರೆದ ಹಾಗಿದೆ.

ಆದರೂ ಚಂದಾ ಮುಗಿದ ಮೇಲೆ ಮತ್ತೆ ಕಟ್ಟುವುದಿಲ್ಲ. ವಾರಕ್ಕೆ ಎರಡು ಲೆಕ್ಕದ ಹಾಳೆಗೆ ಪ್ರತಿ ವರ್ಷ ದುಡ್ಡು ಸುರಿಯುವ ಶಕ್ತಿ ನನಗಿಲ್ಲ, ಲಿಬ್ರೆಆಫೀಸ್ ಪುಕ್ಕಟೆ. ಅದರಲ್ಲಿ ಎಕ್ಸೆಲ್‌ನ ಜಾಗದಲ್ಲಿರುವ ಕ್ಯಾಲ್ಕ್‌ನಲ್ಲಿ ಪೇಸ್ಟ್ ಸ್ಪೆಷಲ್‌ಗೆ ಕಂಟ್ರೋಲ್, ಶಿಫ್ಟ್, ವಿ ಒತ್ತಬೇಕು. ಕಲಿಯುತ್ತಿದ್ದೇನೆ. ನಿನ್ನೆಯೂ ಎರಡು ಸಲ ಆಲ್ಟ್, ಇ ಒತ್ತಿದೆ.