ಡಿಎನ್‌ಎ ಸಾಕ್ಷ್ಯ ಕಲಿಯೋಕೆ ವಕೀಲರಿಗೆ ಯಾವ ಆನ್‌ಲೈನ್ ಪಾಠ?

ಎಫ್‌ಎಸ್‌ಎಲ್ (ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯ) ವರದಿಯಲ್ಲಿ ‘ಡಿಎನ್‌ಎ ಹೊಂದಿಕೆಯಾಗಿದೆ’ ಅಂತ ಒಂದು ಸಾಲು ಇದ್ದರೆ ಸಾಕು, ಸೆಷನ್ಸ್ ಕೋರ್ಟಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಪಾಟೀ ಸವಾಲಿನ ಆಸೆಯನ್ನೇ ಬಿಡುತ್ತಾರೆ. ಸಾಲದ್ದಕ್ಕೆ, ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 329ನೇ ಕಲಮಿನ ಪ್ರಕಾರ ಸರ್ಕಾರಿ ವಿಜ್ಞಾನಿಯನ್ನು ಸಾಕ್ಷಿಕಟ್ಟೆಗೆ ಕರೆಯದೆಯೂ ಅವರ ವರದಿಯನ್ನು ಸಾಕ್ಷ್ಯವಾಗಿ ಬಳಸಬಹುದು. ಅವರನ್ನು ಕರೆಸಿ ಅಂತ ಅರ್ಜಿ ಹಾಕಬೇಕಾದವರು ನಾವು. ಸರಿ, ಕರೆಸಿದ ಮೇಲೆ ಕೇಳೋದೇನು? ಅದಕ್ಕಾಗಿಯೇ ಕೈಗೆ ಸಿಕ್ಕ ಆನ್‌ಲೈನ್ ಪಾಠಗಳನ್ನು ಒಂದೊಂದಾಗಿ ಮಾಡಿ ನೋಡಿದೆ. ಪಾಠ ಮುಗಿದಾಗ ಸಾಕ್ಷಿಗೆ ಕೇಳಬಹುದಾದ ಪ್ರಶ್ನೆ ಕೈಯಲ್ಲಿ ಇದೆಯೋ ಇಲ್ಲವೋ, ಅಷ್ಟನ್ನೇ ನೋಡಿದ್ದು.

ಎರಡನ್ನು ಬೇಗ ಬದಿಗಿಡಬಹುದು. ಇಲ್ಲಿನದ್ದೇ ಒಂದು ವಾರಾಂತ್ಯದ ವೆಬಿನಾರ್ ಪಿಯುಸಿ ಜೀವಶಾಸ್ತ್ರದಿಂದ ಮುಂದೆ ಹೋಗಲೇ ಇಲ್ಲ. ಸರ್ಟಿಫಿಕೇಟ್ ಮಾತ್ರ ಚೆನ್ನಾಗಿತ್ತು! ಕೋರ್ಸೆರಾದಲ್ಲಿರುವ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದ ‘ಇಂಟ್ರೊಡಕ್ಷನ್ ಟು ಫೊರೆನ್ಸಿಕ್ ಸೈನ್ಸ್’ ಕೇಳೋಕೆ ಮಜವಾಗಿದೆ. ಆದರೆ ಅದು ಎಲ್ಲರಿಗೂ ಅಂತ ಮಾಡಿದ್ದು, ವಿಷ, ಬೆರಳಚ್ಚು, ರಕ್ತ ಎಲ್ಲವೂ ಸ್ವಲ್ಪ ಸ್ವಲ್ಪ. ವಾದಕ್ಕೆ ಅಷ್ಟು ಸಾಲದು.

ನಿಜವಾದ ಪೈಪೋಟಿ ಇರೋದು ಮೂರರ ನಡುವೆ.

ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್‌ನ ‘ಪ್ರಿನ್ಸಿಪಲ್ಸ್ ಆಫ್ ಫೊರೆನ್ಸಿಕ್ ಡಿಎನ್‌ಎ ಫಾರ್ ಆಫೀಸರ್ಸ್ ಆಫ್ ದಿ ಕೋರ್ಟ್’ ಉಚಿತ. ನ್ಯಾಯಾಧೀಶರು, ಪ್ರಾಸಿಕ್ಯೂಟರ್, ಡಿಫೆನ್ಸ್ ವಕೀಲರು ಎಲ್ಲರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು. ಲ್ಯಾಬ್ ವರದಿಯನ್ನು ಹೇಗೆ ಓದಬೇಕು ಅನ್ನೋ ಭಾಗವೇ ಇದರ ಜೀವಾಳ. ವರದಿಯ ಕೊನೆಯ ಸಾಲು ಬಿಟ್ಟು ಹಿಂದಿನ ಗ್ರಾಫ್‌ಗಳನ್ನೂ ಕೇಳಿ ಪಡೆಯಬೇಕು ಅನ್ನೋ ಧೈರ್ಯ ನನಗೆ ಬಂದದ್ದು ಇಲ್ಲಿಂದ. ತೊಂದರೆ ಏನಂದರೆ, ಇದು ಹಳೇದು. 13 ಲೋಕಸ್‌ಗಳ (ಡಿಎನ್‌ಎಯಲ್ಲಿ ಹೋಲಿಸಿ ನೋಡುವ ಜಾಗಗಳ) ಕಾಲದಲ್ಲಿ ಬರೆದದ್ದು. 2017ರ ಜನವರಿಯಿಂದ ಅಮೆರಿಕದ ಕೋಡಿಸ್ ಅನ್ನೋ ಡಿಎನ್‌ಎ ಡೇಟಾಬೇಸಿಗೆ 20 ಲೋಕಸ್‌ಗಳು ಬಂದಿವೆ. ಹಲವರ ಡಿಎನ್‌ಎ ಬೆರೆತ ಮಾದರಿಯನ್ನು ಈಗ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಆ ವಿಷಯಕ್ಕೆ ಇದನ್ನು ನಂಬಿ ಕೂರಬೇಡಿ. ಅಲ್ಲಿನ ಕಾನೂನಿನ ಭಾಗಗಳನ್ನೂ ಹಾರಿಸಿಕೊಂಡು ಓದಬಹುದು.

ಎರಡನೆಯದು ಕೋರ್ಸ್ ಅಲ್ಲ, ಓದುವ ಪುಸ್ತಿಕೆ. ಲಂಡನ್ನಿನ ರಾಯಲ್ ಸೊಸೈಟಿ ಮತ್ತು ರಾಯಲ್ ಸೊಸೈಟಿ ಆಫ್ ಎಡಿನ್‌ಬರೋ ಸೇರಿ 2017ರಲ್ಲಿ ತಂದ ‘ಫೊರೆನ್ಸಿಕ್ ಡಿಎನ್‌ಎ ಅನಾಲಿಸಿಸ್: ಎ ಪ್ರೈಮರ್ ಫಾರ್ ಕೋರ್ಟ್ಸ್’. ಇದರ ಪಿಡಿಎಫ್ ಸುಮ್ನೆ ಇಳಿಸಿಕೊಳ್ಳಬಹುದು. ನ್ಯಾಯಾಧೀಶರಿಗಾಗಿ ಬರೆದದ್ದರಿಂದ ಸುತ್ತುಬಳಸು ಇಲ್ಲ. ವಿಡಿಯೋ ಇಲ್ಲ, ಕ್ವಿಜ್ ಇಲ್ಲ, ನಿಮ್ಮನ್ನು ಹುರಿದುಂಬಿಸುವವರೂ ಇಲ್ಲ. ಕೇಸಿನ ಹಿಂದಿನ ರಾತ್ರಿ ತೆರೆಯೋಕೆ ಮಾತ್ರ ಇದರಷ್ಟು ಅನುಕೂಲದ್ದು ಇನ್ನೊಂದಿಲ್ಲ.

ಮೂರನೆಯದು ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾಲಯದ್ದು, ಕೋರ್ಸೆರಾದಲ್ಲಿದೆ: ‘ಚಾಲೆಂಜಿಂಗ್ ಫೊರೆನ್ಸಿಕ್ ಸೈನ್ಸ್: ಹೌ ಸೈನ್ಸ್ ಶುಡ್ ಸ್ಪೀಕ್ ಟು ಕೋರ್ಟ್’. ಡಿಎನ್‌ಎಗಷ್ಟೇ ಮೀಸಲಲ್ಲ, ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕು, ನಿಧಾನವಾಗಿ ಸಾಗುತ್ತದೆ. ಹಾಗಿದ್ದೂ ನನ್ನ ಮತ ಇದಕ್ಕೇ.

ಯಾಕೆ ಅಂದರೆ, ಉಳಿದ ಎರಡೂ ಮುಖ್ಯವಾಗಿ ಡಿಎನ್‌ಎ ಬಗ್ಗೆ ಹೇಳುತ್ತವೆ. ಇದು ಯೋಚನೆ ಮಾಡೋದನ್ನು ಹೇಳಿಕೊಡುತ್ತದೆ. ಡಿಎನ್‌ಎ ಯಾರದ್ದು ಅನ್ನೋದು ಒಂದು ಪ್ರಶ್ನೆ, ಅಲ್ಲಿಗೆ ಹೇಗೆ ಬಂತು ಅನ್ನೋದು ಬೇರೆಯದೇ ಪ್ರಶ್ನೆ. ಒಂದು ಕೊಲೆ ಕೇಸು ಅಂದುಕೊಳ್ಳಿ. ಮಚ್ಚಿನ ಹಿಡಿಯ ಮೇಲೆ ಅಳಿಯನ ಡಿಎನ್‌ಎ ಸಿಕ್ಕಿದೆ. ಮನೆಯವರೆಲ್ಲ ದಿನಾ ಕಾಯಿ ಒಡೆಯೋದು ಅದೇ ಮಚ್ಚಿನಲ್ಲಿ. ಅಳಿಯ ಕೊಲೆ ಮಾಡಿದ್ದರೂ ಅವನ ಡಿಎನ್‌ಎ ಅಲ್ಲಿ ಇರುತ್ತದೆ, ಮಾಡದಿದ್ದರೂ ಇರುತ್ತದೆ. ಹಾಗಾದರೆ ವರದಿ ಎಷ್ಟೇ ಪಕ್ಕಾ ಇರಲಿ, ಅದರಿಂದ ಸಿಕ್ಕಿದ್ದೇನು? ಎರಡೂ ಕಡೆಯ ಕಥೆಯನ್ನು ಪಕ್ಕಪಕ್ಕ ಇಟ್ಟು, ಯಾವ ಕಥೆಯಲ್ಲಿ ಈ ಫಲಿತಾಂಶ ಬರುವ ಸಾಧ್ಯತೆ ಜಾಸ್ತಿ ಅಂತ ಕೇಳೋದನ್ನು ಈ ಕೋರ್ಸ್ ಅಭ್ಯಾಸ ಮಾಡಿಸುತ್ತದೆ.

ಅಂಕಿಯ ಮಾತೂ ಹಾಗೇ. ‘ಈ ಪ್ರೊಫೈಲ್ ಹತ್ತು ಲಕ್ಷದಲ್ಲಿ ಒಬ್ಬರಿಗೆ’ ಅಂತ ಸಾಕ್ಷಿ ಹೇಳುತ್ತಾರೆ. ‘ಅಂದರೆ ಆರೋಪಿ ನಿರಪರಾಧಿ ಆಗಿರುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು’ ಅಂತ ಎದುರಿನವರು ವಾದಿಸುತ್ತಾರೆ. ಎರಡೂ ಒಂದೇ ಅಲ್ಲ. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.1 ಕೋಟಿ. ಆ ಲೆಕ್ಕದಲ್ಲಿ ಅಂಥ ಪ್ರೊಫೈಲ್ ಇರುವವರು ನಮ್ಮ ರಾಜ್ಯದಲ್ಲೇ ಸುಮಾರು 60 ಜನ ಆಗುತ್ತಾರೆ. ಬೇರೆ ಸಾಕ್ಷ್ಯ ಇಲ್ಲದಿದ್ದರೆ, ಅವರಲ್ಲಿ ಇವನೇ ಯಾಕೆ? ಇದು ಕೋರ್ಟಿನಲ್ಲಿ ಕೇಳಬಹುದಾದ ಪ್ರಶ್ನೆ, ಅಲ್ವಾ?

ಒಂದೇ ಸಂಜೆ ಬಿಡುವಿದ್ದರೆ ಪ್ರೈಮರ್ ಓದಿ. ಕೋರ್ಟ್ ರಜೆಯಲ್ಲಿ ಸಮಯ ಸಿಕ್ಕರೆ ಲೋಸಾನ್. ಅಮೆರಿಕದ್ದು ಕೈಯಲ್ಲಿ ಲ್ಯಾಬ್ ವರದಿ ಇಟ್ಟುಕೊಂಡು ನೋಡೋಕೆ ಚೆನ್ನ. ಇಂಗ್ಲಿಷ್ ತೊಡಕಾಗುವ ಜೂನಿಯರ್‌ಗಳಿಗೆ ಮೂರೂ ಕಷ್ಟವೇ.

ಮೂರರಲ್ಲೂ ಇಲ್ಲದ್ದು ನಮ್ಮ ಮಾಲ್‌ಖಾನೆ, ಅಂದರೆ ವಶಪಡಿಸಿಕೊಂಡ ವಸ್ತುಗಳನ್ನು ಪೊಲೀಸರು ಇಡುವ ಕೋಣೆ. ದೆಹಲಿಯ ಛಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿದಾಗ, ಮಾದರಿಗಳು ಹತ್ತು ದಿನಕ್ಕೂ ಜಾಸ್ತಿ ಪೊಲೀಸ್ ಮಾಲ್‌ಖಾನೆಯಲ್ಲೇ ಇದ್ದದ್ದನ್ನು ಎತ್ತಿ ಹೇಳಿತು. 2025ರ ಜುಲೈನಲ್ಲಿ ತಮಿಳುನಾಡಿನ ಕಟ್ಟವೆಲ್ಲೈ ಪ್ರಕರಣದಲ್ಲಿ, ಮಾದರಿ 48 ಗಂಟೆಯೊಳಗೆ ಲ್ಯಾಬ್ ಸೇರಬೇಕು, ವಿಚಾರಣೆ ಬಾಕಿ ಇರುವಾಗ ಕಾಯ್ದಿಟ್ಟ ಪೊಟ್ಟಣವನ್ನು ವಿಚಾರಣಾ ಕೋರ್ಟಿನ ಅನುಮತಿ ಇಲ್ಲದೆ ತೆರೆಯಬಾರದು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದಕ್ಕೆ ರಿಜಿಸ್ಟರ್ ಇರಬೇಕು ಅಂತ ಸೂಚನೆ ಕೊಟ್ಟಿತು. ಯಾವ ಕೋರ್ಸ್ ಮಾಡಿದರೂ ಈ ಎರಡು ತೀರ್ಪುಗಳನ್ನು ಜೊತೆಗೆ ಓದಿ. ಆಮೇಲೆ ಪಿ.ಎಫ್. (ವಶಪಡಿಸಿಕೊಂಡ ವಸ್ತುಗಳ ಪಟ್ಟಿ) ತೆರೆದು, ಪೊಟ್ಟಣವನ್ನು ಠಾಣೆಯಿಂದ ಮಡಿವಾಳದ ಲ್ಯಾಬಿಗೆ ಒಯ್ದ ಕಾನ್‌ಸ್ಟೇಬಲ್ ಸಾಕ್ಷಿ ಪಟ್ಟಿಯಲ್ಲಿ ಇದ್ದಾರಾ ನೋಡಿ.