ಇನ್ಫ್ರಾರೆಡ್ ಫೋಟೊಗೆ ಫಿಲ್ಟರ್ ಸಾಕಾ, ಕ್ಯಾಮೆರಾ ಬಿಚ್ಚಿಸಬೇಕಾ? ಗದಗಿನ ಗಾಳಿಯಲ್ಲಿ ಎರಡನ್ನೂ ನೋಡಿದ್ದು

ಕಪ್ಪತಗುಡ್ಡಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಗುಡ್ಡದ ಸಾಲಿನ ಮೇಲೆ ಅಷ್ಟೊಂದು ಗಾಳಿಯಂತ್ರ ನಿಂತಿರುವುದು ಸುಮ್ನೆ ಅಲ್ಲ. ಇನ್ಫ್ರಾರೆಡ್, ಅಂದರೆ ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕಿನಲ್ಲಿ ಫೋಟೊ ತೆಗೆಯುವ ಹುಚ್ಚು ನನಗೆ ಹತ್ತಿ ಮೂರು ವರ್ಷ ಆಯ್ತು. ನನ್ನ ಹತ್ತಿರ ಇರುವ ಎರಡು ಕ್ಯಾಮೆರಾಗಳಲ್ಲಿ ಯಾವುದು ಒಳ್ಳೆಯದು ಅಂತ ತೀರ್ಮಾನ ಮಾಡಿದ್ದು ಈ ಗಾಳಿಯೇ.

ಒಂದು ಕ್ಯಾನನ್ 1300ಡಿ. ಅದರ ಜೊತೆ ಬಂದ 18-55 ಲೆನ್ಸ್, ಮುಂದೆ ಹೋಯಾ ಆರ್72 ಫಿಲ್ಟರ್. ಕ್ಯಾಮೆರಾದ ಒಳಗೆ ಏನೂ ಮುಟ್ಟಿಲ್ಲ. ಇನ್ನೊಂದು ಸೆಕೆಂಡ್ ಹ್ಯಾಂಡ್ ತಗೊಂಡ ಸೋನಿ ನೆಕ್ಸ್-5. ಅದನ್ನು ಬಿಚ್ಚಿಸಿ, ಒಳಗೆ ಬೆಳಕು ಹಿಡಿಯುವ ಸೆನ್ಸರ್ ಮುಂದಿನ ಗಾಜು ತೆಗೆಸಿ, ಆ ಜಾಗಕ್ಕೆ ಎಲ್ಲ ಬೆಳಕನ್ನೂ ಬಿಡುವ ಗಾಜು ಹಾಕಿಸಿದ್ದೇನೆ.

ಆ ಗಾಜಿನದೇ ಎಲ್ಲ ಕಥೆ. ನಮ್ಮ ಕಣ್ಣಿಗೆ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್ ತನಕ ಇರುವ ಬೆಳಕು ಕಾಣುತ್ತದೆ. ಅದರಾಚೆಯದು ಇನ್ಫ್ರಾರೆಡ್. ಸೆನ್ಸರಿನ ಸಿಲಿಕಾನ್‌ಗೆ ಸುಮಾರು 1100ರ ತನಕ ಕಾಣುತ್ತದೆ. ಹಾಗೇ ಬಿಟ್ಟರೆ ಬಣ್ಣ ಕೆಡುತ್ತದೆ ಅಂತ ಕಂಪನಿಯವರೇ ಮುಂದೆ ಒಂದು ಗಾಜು ಕೂರಿಸಿ ಇನ್ಫ್ರಾರೆಡ್ ತಡೆಯುತ್ತಾರೆ. ಆರ್72 ಫಿಲ್ಟರ್ ಮಾಡುವುದು ಇದಕ್ಕೆ ತದ್ವಿರುದ್ಧ. ಕಾಣುವ ಬೆಳಕನ್ನು ತಡೆದು, ಸುಮಾರು 720ರಿಂದ ಆಚೆಯದನ್ನು ಮಾತ್ರ ಬಿಡುತ್ತದೆ. ಅಂದರೆ ಮೊದಲನೇ ಕ್ಯಾಮೆರಾದಲ್ಲಿ ಹೊರಗಿನ ಫಿಲ್ಟರ್ ಬಿಟ್ಟದ್ದನ್ನು ಒಳಗಿನ ಗಾಜು ತಡೆಯುತ್ತದೆ. ಎರಡರ ನಡುವೆ ತೂರಿ ಬರುವ ಚೂರು ಬೆಳಕಿನಲ್ಲೇ ಫೋಟೊ ಆಗಬೇಕು.

ಇದರಿಂದ ಏನಾಗುತ್ತದೆ? ನಡುಮಧ್ಯಾಹ್ನದ ಬಿಸಿಲು, ಲೆನ್ಸಿನ ಕಿಂಡಿ ಎಫ್/8, ಸೆನ್ಸರಿನ ಸೂಕ್ಷ್ಮತೆ ಐಎಸ್ಒ 400. ಆದರೂ ನನಗೆ ಒಂದು ಫೋಟೊಗೆ ಶಟರ್ 20ರಿಂದ 25 ಸೆಕೆಂಡ್ ತೆರೆದಿಡಬೇಕಾಯಿತು. ಟ್ರೈಪಾಡ್ ಇಲ್ಲದೆ ಆಗುವ ಮಾತಲ್ಲ. ಫಿಲ್ಟರ್ ಹಾಕಿದ ಮೇಲೆ ಏನೂ ಕಾಣುವುದಿಲ್ಲ. ಹಾಗಾಗಿ ಮೊದಲೇ ಫ್ರೇಮ್ ಮಾಡಿ, ಫೋಕಸ್ ಮಾಡಿ, ಅದನ್ನು ಮ್ಯಾನ್ಯುಯಲ್‌ಗೆ ಹಾಕಿ, ಲೆನ್ಸ್ ಅಲುಗದ ಹಾಗೆ ಫಿಲ್ಟರ್ ತಿರುಗಿಸಬೇಕು. ಇನ್ಫ್ರಾರೆಡ್‌ನ ಫೋಕಸ್ ಬೇರೆ ಜಾಗದಲ್ಲಿ ಕೂರುತ್ತದೆ. ಹಳೆಯ ಲೆನ್ಸ್‌ಗಳ ಮೇಲೆ ಅದಕ್ಕಂತಲೇ ಕೆಂಪು ಗುರುತು ಇರುತ್ತಿತ್ತು. ಕಿಟ್ ಲೆನ್ಸ್ ಮೇಲೆ ಇಲ್ಲ. ನಾಲ್ಕು ಸಲ ತೆಗೆದರೆ ಒಂದು ಚೊಕ್ಕ ಬರುತ್ತಿತ್ತು.

ಧಾರವಾಡದ ಸಾಧನಕೇರಿಯಲ್ಲಿ ಒಂದು ಬೇವಿನ ಮರವನ್ನು ಹೀಗೆ ತೆಗೆದೆ. ಕಾಂಡ ಚೊಕ್ಕ, ತೊಗಟೆಯ ಬಿರುಕು ಕೂಡ ಎಣಿಸಬಹುದು. ಎಲೆ ಮಾತ್ರ ಒಂದೂ ಇಲ್ಲ. 22 ಸೆಕೆಂಡಿನಲ್ಲಿ ಗಾಳಿಗೆ ಅಲುಗಿ ಅಲುಗಿ ಕೊಂಬೆಯ ತುದಿಯೆಲ್ಲ ಹಿಂಜಿದ ಅರಳೆಯ ಹಾಗೆ ಆಗಿತ್ತು. ಒಂದೆರಡು ಫೋಟೊಗೆ ಅದು ಚೆಂದ. ಹತ್ತನೇ ಫೋಟೊಗೆ ಎಲೆ ಬೇಕು ಅನ್ನಿಸುತ್ತದೆ, ಅಲ್ವಾ? ಇನ್ಫ್ರಾರೆಡ್‌ನ ಜೀವ ಇರುವುದೇ ಎಲೆಯಲ್ಲಿ. ಪತ್ರಹರಿತ್ತು ಕೆಂಪು ಬೆಳಕನ್ನು ನುಂಗುತ್ತದೆ, ಆದರೆ ಇನ್ಫ್ರಾರೆಡ್ ಅದರ ಮೂಲಕ ಹಾಗೇ ಹಾದುಹೋಗುತ್ತದೆ. ಎಲೆಯ ಒಳಗಿನ ಕೋಶಗಳ, ಗಾಳಿಗೂಡುಗಳ ನಡುವೆ ಚೆದುರಿ ವಾಪಸ್ ಬರುತ್ತದೆ. ಅದಕ್ಕೇ ಹಸಿರು ಎಲೆ ಬೆಳ್ಳಗೆ ಹೊಳೆಯುತ್ತದೆ. ಇಂಥ ಫೋಟೊಗಳನ್ನು 1910ರಲ್ಲೇ ತೆಗೆದು ತೋರಿಸಿದ ರಾಬರ್ಟ್ ವುಡ್ ಅವರ ಹೆಸರಿನಿಂದ ಇದನ್ನು ವುಡ್ ಎಫೆಕ್ಟ್ ಅನ್ನುತ್ತಾರೆ.

ಈಗ ನೆಕ್ಸ್-5ರ ಮಾತು. ಅದೇ ಬಿಸಿಲು, ಅದೇ ಆರ್72 ಫಿಲ್ಟರ್. ನನ್ನ ಫಿಲ್ಟರ್ 58 ಎಂಎಂ, ಈ ಲೆನ್ಸಿನ ಬಾಯಿ 49 ಎಂಎಂ. ನಡುವೆ ಒಂದು ರಿಂಗ್ ಹಾಕಿದರೆ ಆಯ್ತು. ಐಎಸ್ಒ 200, ಎಫ್/8, ಸೆಕೆಂಡಿನ 125ನೇ ಒಂದು ಭಾಗ. ಕೈಯಲ್ಲಿ ಹಿಡಿದೇ ತೆಗೆಯಬಹುದು. ಸ್ಕ್ರೀನಿನಲ್ಲಿ ಬಿಳಿ ಮರ, ಕಪ್ಪು ಆಕಾಶ ನೇರವಾಗಿ ಕಾಣುತ್ತದೆ. ಸೆನ್ಸರೇ ನೋಡಿ ಫೋಕಸ್ ಮಾಡುವುದರಿಂದ ಆ ಕೆಂಪು ಗುರುತಿನ ತಲೆನೋವೂ ಇಲ್ಲ. ಕಪ್ಪತಗುಡ್ಡದಲ್ಲಿ ಕರ್ಕಿ ಹುಲ್ಲು ಗಾಳಿಗೆ ಬಾಗಿದ್ದು ಬಾಗಿದ ಹಾಗೇ ಬಂತು, ಎಸಳೆಸಳಾಗಿ. ಹಿಂದೆ ದೂರದ ಗುಡ್ಡದ ಅಂಚು ಗೆರೆ ಎಳೆದ ಹಾಗೆ. ಉದ್ದ ಅಲೆಯ ಬೆಳಕು ಗಾಳಿಯಲ್ಲಿ ಕಡಿಮೆ ಚೆದುರುತ್ತದೆ, ಹಾಗಾಗಿ ಮಬ್ಬು ಕಡಿಮೆ. ಆ ಫೋಟೊವನ್ನು ದೊಡ್ಡದು ಮಾಡಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಲಕ್ಕುಂಡಿಯಲ್ಲೂ ಇದೇ ಗೆದ್ದಿತು, ಆದರೆ ಬೇರೆ ಕಾರಣಕ್ಕೆ. ಅಲ್ಲಿ ಕಲ್ಲು ಅಲುಗುವುದಿಲ್ಲ. ಫಿಲ್ಟರಿನ 25 ಸೆಕೆಂಡ್ ಸಾಕು ಅಂದುಕೊಂಡು ಹೋಗಿದ್ದೆ. ಆದರೆ ಪುರಾತತ್ವ ಇಲಾಖೆಯ ಸ್ಮಾರಕದೊಳಗೆ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಕೈಯಲ್ಲಿ ಹಿಡಿಯುವ ಕ್ಯಾಮೆರಾ ಇದ್ದದ್ದಕ್ಕೆ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲ ಕೆತ್ತನೆ ಸಿಕ್ಕಿತು. ಸುತ್ತಲಿನ ಹುಲ್ಲು ಬೆಳ್ಳಗೆ, ಬಳಪದ ಕಲ್ಲು ನಡುವಿನ ಬೂದು, ಮೇಲೆ ಆಕಾಶ ಕಪ್ಪು.

ಹಾಗಂತ ಬಿಚ್ಚಿಸುವುದು ಸುಖದ ಕೆಲಸ ಅಲ್ಲ. ಮೊದಲ ಸಲ ಕೊಟ್ಟ ಕಡೆ ಹೊಸ ಗಾಜಿನ ಕೆಳಗೆ ಧೂಳು ಸೇರಿಸಿ ಮುಚ್ಚಿಬಿಟ್ಟಿದ್ದರು. ಆಕಾಶದಲ್ಲೆಲ್ಲ ಚುಕ್ಕೆ. ಮತ್ತೆ ಬಿಚ್ಚಿಸಲು ಒಂದು ತಿಂಗಳು ಹೋಯಿತು. ಖರ್ಚು ಫಿಲ್ಟರಿನ ಮೂರು ಪಟ್ಟು ಜಾಸ್ತಿ. ಆ ಕ್ಯಾಮೆರಾ ಇನ್ನು ಮದುವೆ-ಮುಂಜಿಯ ಫೋಟೊಗೆ ನೇರವಾಗಿ ಬರುವುದಿಲ್ಲ. ಲೆನ್ಸ್ ಕೂಡ ಎಲ್ಲವೂ ಆಗುವುದಿಲ್ಲ. ನನ್ನ ಒಂದು 50 ಎಂಎಂ ಲೆನ್ಸಿನಲ್ಲಿ ಫೋಟೊದ ನಡುವೆ ಬಿಳಿಚಿದ ವೃತ್ತ ಬರುತ್ತದೆ. ಎಫ್/11ಕ್ಕೆ ಹೋದರೆ ಇನ್ನೂ ಜಾಸ್ತಿ. ಲೆನ್ಸ್ ಕೊಳ್ಳುವ ಮೊದಲು ಹಾಕಿ ನೋಡಿ.

ಫಿಲ್ಟರ್ ದಾರಿ ಯಾರಿಗೆ ಸರಿ ಅಂದರೆ, ನೀರು ಮತ್ತು ಕಲ್ಲು ತೆಗೆಯುವವರಿಗೆ. ಉಣಕಲ್ ಕೆರೆ ನನ್ನ 1300ಡಿಯಲ್ಲೇ ಚೆಂದ ಬಂದಿದೆ. ನೀರು ಕರಿ ಹಲಗೆಯ ಹಾಗೆ ನುಣ್ಣಗೆ, ವಾಕಿಂಗ್ ಬಂದ ಜನ ಒಬ್ಬರೂ ಕಾಣುವುದಿಲ್ಲ. ಮೊದಲು ಕ್ಯಾಮೆರಾ ಮುಂದೆ ಟಿವಿ ರಿಮೋಟ್ ಒತ್ತಿ ನೋಡಿ, ಅದು ಬಿಡುವುದೂ ಇನ್ಫ್ರಾರೆಡ್ಡೇ. ಸ್ಕ್ರೀನಿನಲ್ಲಿ ಅದರ ಬಲ್ಬ್ ಚೆನ್ನಾಗಿ ಹೊಳೆದರೆ ನಿಮ್ಮ ಕ್ಯಾಮೆರಾದ ಗಾಜು ಅಷ್ಟು ಬಿಗಿಯಲ್ಲ. ಮತ್ತೆ, ಕೈಮುಗಿದು ಹೇಳುತ್ತೇನೆ, ಈ ಕಪ್ಪು ಫಿಲ್ಟರಿನಿಂದ ಸೂರ್ಯನನ್ನು ನೋಡಬೇಡಿ. ಕಣ್ಣಿಗೆ ಕತ್ತಲೆ ಅನ್ನಿಸುತ್ತದೆ, ಇನ್ಫ್ರಾರೆಡ್ ಮಾತ್ರ ಹಾಗೇ ಒಳಗೆ ಹೋಗುತ್ತದೆ.

ನೆಕ್ಸ್-5ಕ್ಕೆ 590 ಮತ್ತು 850ರ ಫಿಲ್ಟರ್ ಕೂಡ ಹಾಕಿ ನೋಡಿದೆ. 590ರಲ್ಲಿ ಸ್ವಲ್ಪ ಕಾಣುವ ಬೆಳಕೂ ಸೇರುತ್ತದೆ. ಕಂಪ್ಯೂಟರಿನಲ್ಲಿ ಫೋಟೊದ ಕೆಂಪು-ನೀಲಿ ಬಣ್ಣದ ಪದರ (ಚಾನೆಲ್) ಅದಲು ಬದಲು ಮಾಡಿದರೆ ಎಲೆ ಬಂಗಾರದ ಬಣ್ಣ, ಆಕಾಶ ನೀಲಿ. ನೋಡಿದವರು ಇದನ್ನೇ ಮೆಚ್ಚುತ್ತಾರೆ, ನನಗೆ ಬೇಗ ಸಾಕಾಯಿತು. 850 ಬರೀ ಕಪ್ಪು-ಬಿಳುಪಿಗೆ. 720 ಎರಡಕ್ಕೂ ಆಗುತ್ತದೆ, ಒಂದೇ ಕೊಳ್ಳುವುದಾದರೆ ಅದೇ. ಕಾಲ ನೋಡಿ ಹೊರಡಿ. ಮಳೆ ಮುಗಿದ ಅಕ್ಟೋಬರ್, ನವೆಂಬರ್ ನಮ್ಮ ಕಡೆ ಬಂಗಾರದ ತಿಂಗಳು. ಬೇಸಿಗೆಯ ಎರೆ ಹೊಲದಲ್ಲಿ ಎಲೆಯೇ ಇರುವುದಿಲ್ಲ.

ಸಂಕ್ರಾಂತಿ ದಿನ ಅವ್ವ ಚಂದ್ರಕಾಳಿ ಸೀರೆ ಉಟ್ಟು ಅಂಗಳದಲ್ಲಿ ನಿಂತಿದ್ದಳು. ಅದೇ ಕ್ಯಾಮೆರಾದಲ್ಲಿ ತೆಗೆದೆ. ಕಪ್ಪು ಸೀರೆ ಹೆಚ್ಚುಕಡಿಮೆ ಬಿಳಿ ಬಂತು. ಕೆಲವು ಕಪ್ಪು ಬಣ್ಣಗಳು ಇನ್ಫ್ರಾರೆಡ್ ನುಂಗುವುದಿಲ್ಲ. "ಕರಿ ಸೀರಿ ಉಟ್ಟೀನಿ, ಬಿಳಿ ಯಾಕ ಬಂತೋ? ಹಬ್ಬದ ದಿನ ಹಿಂಗ ತೆಗೀಬ್ಯಾಡಪಾ" ಅಂದಳು. ಆ ಫೋಟೊ ಅಳಿಸಿ 1300ಡಿಯಲ್ಲಿ ಮತ್ತೆ ತೆಗೆದೆ, ಫಿಲ್ಟರ್ ಇಲ್ಲದೆ.

ಇನ್ನು ಅಲ್ಟ್ರಾವಯಲೆಟ್, ಚಿಕ್ಕದಾಗಿ ಯುವಿ. ನೇರಳೆಯ ಆಚೆಗಿನ, ಕಣ್ಣಿಗೆ ಕಾಣದ ಬೆಳಕು. ಇದರಲ್ಲೂ ಎರಡು ದಾರಿ. ಸುಲಭದ್ದು, ಕತ್ತಲೆಯಲ್ಲಿ 365 ನ್ಯಾನೊಮೀಟರಿನ ಯುವಿ ಟಾರ್ಚ್ ಹಾಕಿ, ಹೊಳೆಯುವುದನ್ನು ಸಾದಾ ಕ್ಯಾಮೆರಾದಲ್ಲಿ ತೆಗೆಯುವುದು. ಅರಿಷಿಣ ಹಸಿರು-ಹಳದಿ ಹೊಳೆಯುತ್ತದೆ. ಚೇಳು ನೀಲಿ-ಹಸಿರು. ಕಣ್ಣಿಗೆ ಯುವಿ ತಡೆಯುವ ಕನ್ನಡಕ ಬೇಕೇ ಬೇಕು. ಕಷ್ಟದ್ದು, ಬಿಸಿಲಿನ ಯುವಿಯಲ್ಲೇ ತೆಗೆಯುವುದು. ಇದಕ್ಕೆ ನೆಕ್ಸ್-5 ಬೇಕು. ಈಗಿನ ಬಹಳಷ್ಟು ಲೆನ್ಸ್‌ಗಳು ಯುವಿಯನ್ನು ತಡೆದುಬಿಡುತ್ತವೆ. ಹುಬ್ಬಳ್ಳಿಯ ಒಂದು ಹಳೆಯ ಸ್ಟುಡಿಯೊದ ಡಾರ್ಕ್‌ರೂಮಿನಲ್ಲಿ ಬಿದ್ದಿದ್ದ 80 ಎಂಎಂ ಇಎಲ್-ನಿಕ್ಕೋರ್ ಎನ್ಲಾರ್ಜರ್ ಲೆನ್ಸ್ (ಫಿಲ್ಮಿನಿಂದ ದೊಡ್ಡ ಪ್ರಿಂಟ್ ಮಾಡುವ ಯಂತ್ರದ್ದು) ನನಗೆ ದಕ್ಕಿತು. ಹಳೆಯ ಲೋಹದ ಮೈಯದ್ದು, ಯುವಿಯನ್ನು ಚೆನ್ನಾಗಿ ಬಿಡುತ್ತದೆ. ಮೊದಲು ಝಡ್‌ಡಬ್ಲ್ಯುಬಿ2 ಎಂಬ, ಯುವಿ ಬಿಡುವ ಫಿಲ್ಟರ್ ಒಂದನ್ನೇ ಹಾಕಿದೆ. ಎಲೆ ಬೆಳ್ಳಗೆ ಬಂದಾಗ ಗೊತ್ತಾಯಿತು, ಇನ್ಫ್ರಾರೆಡ್ ಸೋರುತ್ತಿದೆ ಅಂತ. ಅದರ ಜೊತೆ ಇನ್ಫ್ರಾರೆಡ್ ತಡೆಯುವ ಕ್ಯೂಬಿ39 ಫಿಲ್ಟರನ್ನೂ ಸೇರಿಸಿದ ಮೇಲೆ ಎಲೆ ಕಪ್ಪಾಯಿತು. ಅದೇ ನಿಜವಾದ ಯುವಿ.

ನಿಸರ್ಗದ ನೋಟಕ್ಕೆ ಯುವಿ ಆಗುವುದಿಲ್ಲ ಅಂತಲೇ ನನ್ನ ಅನುಭವ. ಬೆಳಕು ಜಾಸ್ತಿ ಚೆದುರಿ ಕಪ್ಪತಗುಡ್ಡವೇ ಮಬ್ಬಿನಲ್ಲಿ ಮುಳುಗಿತು. ಹೂವಿಗೆ ಮಾತ್ರ ಇದರ ಸಮ ಇನ್ನೊಂದಿಲ್ಲ. ಮುಂಡರಗಿ ದಾರಿಯಲ್ಲಿ ಒಂದು ಸೂರ್ಯಕಾಂತಿ ಹೊಲಕ್ಕೆ ಇಳಿದೆ. ನನಗೆ 4 ಸೆಕೆಂಡ್ ಬೇಕಿತ್ತು. ಬೆಳಿಗ್ಗೆ ಗಾಳಿ ಕಡಿಮೆ, ಆದರೆ ಸೂರ್ಯ ಕೆಳಗಿದ್ದಾಗ ಯುವಿಯೂ ಕಡಿಮೆ. ಮಧ್ಯಾಹ್ನ ಯುವಿ ಇದೆ, ಗಾಳಿಯೂ ಇದೆ. ಹತ್ತಾರು ಸಲ ಕೆಟ್ಟ ಮೇಲೆ ಒಂದು ಬಂತು. ಎಸಳಿನ ತುದಿ ಬೆಳ್ಳಗೆ, ಬುಡ ಕಡುಕಪ್ಪು, ನಡುವೆ ದುಂಡನೆ ಬಳೆಯ ಹಾಗೆ.

ಹೊಲದ ಮಾಲೀಕರು ಬಂದು ಸ್ಕ್ರೀನ್ ನೋಡಿದರು. "ದಿನಾ ನೋಡ್ತೇವಲ್ರೀ ನಾವು. ಈ ಕರಿ ಬಳಿ ಎಲ್ಲಿತ್ತ್ರಿ?"

"ನಮ್ಮ ಕಣ್ಣಿಗೆ ಕಾಣೂದಿಲ್ರಿ ಕಾಕಾ. ಜೇನಿಗೆ ಕಾಣತೈತಿ."

ಅವರು ಸ್ವಲ್ಪ ಹೊತ್ತು ಹೊಲದ ಕಡೆ ನೋಡಿದರು. ಆಮೇಲೆ ಬಂದು ಪಕ್ಕದ ಹೂವಿನ ದಂಟನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದರು. "ಗಾಳಿ ನಾ ನೋಡ್ಕೋತೀನಿ, ಇನ್ನೊಂದ ತೆಗೀರಿ."