ಹೊರದೇಶದಿಂದ ಬ್ಯಾಗಿನಲ್ಲಿ ತಂದ ಕೆಗ್ ಸೆಟ್: ಬೆಳಗಾವಿಯಲ್ಲಿ ನಾಲ್ಕು ಬೇಸಿಗೆಯ ಬಳಕೆ

ಬಳಸಿ ನೋಡಿದ ಸಾಮಾನು ಇಷ್ಟು: ಮನೆಯಲ್ಲೇ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಮೆರಿಕದ ಹೋಂಬ್ರೂ ಅಂಗಡಿಯಲ್ಲಿ ಕೊಂಡ 19 ಲೀಟರಿನ ಬಾಲ್ ಲಾಕ್ ಕೆಗ್ (ಪಾನೀಯವನ್ನು ಗ್ಯಾಸಿನ ಒತ್ತಡದಲ್ಲಿ ಇಡುವ ಉಕ್ಕಿನ ಪಾತ್ರೆ) ಎರಡು, ಅವಕ್ಕೆ ಪೈಪ್ ಜೋಡಿಸುವ ಡಿಸ್‌ಕನೆಕ್ಟ್‌ಗಳು, ಕೈಯಲ್ಲಿ ಒತ್ತುವ ಪ್ಲಾಸ್ಟಿಕ್ ಟ್ಯಾಪ್, ಸಿಲಿಂಡರಿನ ಒತ್ತಡ ಇಳಿಸಿ ಕೊಡುವ ಎರಡು ಗೇಜಿನ ರೆಗ್ಯುಲೇಟರ್, ಪಾಕದ ಸಾಂದ್ರತೆ, ಸಕ್ಕರೆ ಅಳೆಯುವ ಹೈಡ್ರೋಮೀಟರ್, ರಿಫ್ರಾಕ್ಟೋಮೀಟರ್, ಹುಳಿ ಅಳೆಯುವ ಪಿಎಚ್ ಮೀಟರ್. ಎಲ್ಲವೂ ಚೆಕ್-ಇನ್ ಬ್ಯಾಗಿನಲ್ಲಿ ಬಂದವು. ನಾಲ್ಕು ಬೇಸಿಗೆ ಕಳೆದ ಮೇಲೆ ಅನಿಸಿದ್ದು ಇದು: ಕೆಗ್ ಮತ್ತು ಅದಕ್ಕೆ ಮಾತ್ರ ಕೂಡುವ ಸಣ್ಣ ಭಾಗಗಳನ್ನು ತರುವುದು ಸಾರ್ಥಕ. ರೆಗ್ಯುಲೇಟರ್, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಸಿಲಿಂಡರ್, ಅಮೆರಿಕದ ಕರೆಂಟಿನಲ್ಲಿ ಕಾಯಿಸುವ ಪಾತ್ರೆ ಇವನ್ನು ತರಲೇಬಾರದು. ಉಳಿದದ್ದೆಲ್ಲ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಅಂಗಡಿಗಳಲ್ಲಿ ಇನ್ನೂ ಚೆನ್ನಾಗಿಯೇ ಸಿಗುತ್ತದೆ.

ಮೊದಲೇ ಹೇಳಬೇಕಾದ ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆ ಮಟ್ಟಿಗೆ ಒಂದು ಕೊಡ ಬಿಯರ್ ಮಾಡಿಕೊಂಡರೂ ಅಷ್ಟೇ. ಆದ್ದರಿಂದ ಇಲ್ಲಿ ಬರೆದದ್ದು ಸೋಡಾ, ಅಲ್ಲ (ಹಸಿಶುಂಠಿ)-ನಿಂಬೆ ಸೋಡಾ, ಕೋಕಂ ಸೋಡಾ ಮತ್ತು ಕೊಂಬುಚಾಗೆ (ಹುದುಗಿಸಿದ ಚಹಾ) ಈ ಸಾಮಾನು ಹೇಗೆ ಒದಗಿತು ಎಂಬುದರ ಬಗ್ಗೆ. ಈ ಕೆಗ್‌ಗಳು ಮೂಲದಲ್ಲಿ ತಂಪು ಪಾನೀಯದ ಕಂಪನಿಗಳು ಸಿರಪ್ ಸಾಗಿಸಲು ಬಳಸುತ್ತಿದ್ದ ಪಾತ್ರೆಗಳೇ. ಸೋಡಾ ಕೆಲಸಕ್ಕೆ ಇವು ಹೇಳಿ ಮಾಡಿಸಿದಂತಿವೆ.

ಬ್ಯಾಗಿಗೆ ಹೊಂದಿಸುವುದು

ಕೆಗ್‌ನ ಎತ್ತರ ಸುಮಾರು 63 ಸೆಂ.ಮೀ., ಅಡ್ಡಗಲ 22 ಸೆಂ.ಮೀ., ಖಾಲಿ ತೂಕ ನಾಲ್ಕೂಕಾಲು ಕಿಲೋ ಹತ್ತಿರ. 28 ಇಂಚಿನ ಸೂಟ್‌ಕೇಸ್ ಎಂದು ಬರೆದಿರುವುದು ಚಕ್ರ, ಹಿಡಿಕೆ ಸೇರಿಸಿದ ಹೊರ ಅಳತೆ. ಅಂಗಡಿಗೆ ಟೇಪ್ ಒಯ್ದು ಒಳಗಿನ ಉದ್ದ 65 ಸೆಂ.ಮೀ. ಇದೆಯೇ ನೋಡಿಕೊಳ್ಳಿ. ವಿಮಾನದವರ ಮಿತಿ ಮೂರೂ ಕಡೆಯ ಅಳತೆ ಸೇರಿ 158 ಸೆಂ.ಮೀ. 23 ಕಿಲೋದ ಬ್ಯಾಗಿನಲ್ಲಿ ಸೂಟ್‌ಕೇಸಿನದೇ 4 ಕಿಲೋ, ಎರಡು ಕೆಗ್ಗಿಗೆ 9 ಕಿಲೋ ಹೋದರೆ ಕೈಯಲ್ಲಿ ಉಳಿಯುವುದು 10 ಕಿಲೋ. ಆ 10 ಕಿಲೋ ಕೆಗ್ಗಿನ ಒಳಗೇ ಹೋಗುತ್ತದೆ. ಬಾಯಿ ಅಂಡಾಕಾರ, ಕೈ ಸಲೀಸಾಗಿ ಇಳಿಯುತ್ತದೆ. ಬಟ್ಟೆ, ಪೈಪು, ಡಿಸ್‌ಕನೆಕ್ಟ್ ಎಲ್ಲ ಅದರಲ್ಲಿ ತುಂಬಿ.

ತುಂಬುವ ಮುನ್ನ ಮೇಲಿನ ಎರಡು ಪೋಸ್ಟ್ (ಡಿಸ್‌ಕನೆಕ್ಟ್ ಕೂರುವ ಮೂತಿಗಳು) ಬಿಚ್ಚಿ, ತಳದಿಂದ ದ್ರವ ಎಳೆಯುವ ಒಳಗಿನ ಉದ್ದನೆಯ ಡಿಪ್ ಟ್ಯೂಬ್ ಹೊರತೆಗೆಯಲೇಬೇಕು. ಬಟ್ಟೆ ಒತ್ತಿ ತುಂಬಿದರೆ ಟ್ಯೂಬ್ ಬಾಗುತ್ತದೆ. ಬಾಗಿದ ಟ್ಯೂಬ್ ತಳದ ಗುಳಿಗೆ ಮುಟ್ಟುವುದಿಲ್ಲ, ಪ್ರತಿಸಲ ಒಂದು ಲೀಟರ್ ತಳದಲ್ಲೇ ಉಳಿಯುತ್ತದೆ. ಪೋಸ್ಟ್‌ಗಳನ್ನು ಹಾಗೇ ಬಿಟ್ಟರೆ ಸಾಮಾನು ಎಸೆಯುವವರ ಕೈಯಲ್ಲಿ ಮೊದಲ ಪೆಟ್ಟು ಬೀಳುವುದು ಅವುಗಳಿಗೇ. ಬಿಚ್ಚಿದಾಗ ಯಾವುದು ಎಲ್ಲಿಯದೆಂದು ಗುರುತು ಮಾಡಿ: ಗ್ಯಾಸಿನ ಪೋಸ್ಟ್‌ನ ಬುಡದಲ್ಲಿ ಕಚ್ಚುಗಳಿರುತ್ತವೆ, ದ್ರವದ ಪೋಸ್ಟ್ ನುಣುಪು. ಡಿಸ್‌ಕನೆಕ್ಟ್‌ಗಳಲ್ಲಿ ಬೂದು ಬಣ್ಣದ್ದು ಗ್ಯಾಸಿಗೆ, ಕಪ್ಪು ದ್ರವಕ್ಕೆ. ಅದಲು ಬದಲಾಗಿ ಒತ್ತಿ ಕೂರಿಸಿದರೆ ಬಿಡಿಸುವಾಗ ಪ್ಲಾಸ್ಟಿಕ್ ಒಡೆಯುತ್ತದೆ.

ಎಕ್ಸ್-ರೇನಲ್ಲಿ ಉಕ್ಕಿನ ಮುಚ್ಚಿದ ಪಾತ್ರೆ ಕಂಡರೆ ಬ್ಯಾಗ್ ತೆರೆದೇ ತೆರೆಯುತ್ತಾರೆ. ಮುಚ್ಚಳ ತೆಗೆದು ಬದಿಗಿಟ್ಟು, ಒಳಗಿನದು ಒಂದು ನೋಟಕ್ಕೆ ಕಾಣುವಂತೆ ಇಡಿ. ಖಾಲಿ ಪಾನೀಯ ಪಾತ್ರೆ, ಒತ್ತಡ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಮೇಲೇ ಇರಲಿ. ಹಳೆಯ ಕೆಗ್ ಕೊಂಡಿದ್ದರೆ ತೊಳೆದು ಪೂರ್ತಿ ಒಣಗಿಸಿ. ಸಿರಪ್ಪಿನ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ.

ಬ್ಯಾಗಿಗೆ ಹಾಕಬಾರದ್ದು: ತುಂಬಿದ ಗ್ಯಾಸ್ ಸಿಲಿಂಡರ್, ಸ್ಟಾರ್ ಸ್ಯಾನ್‌ನಂಥ ಆಮ್ಲದ ಸ್ಯಾನಿಟೈಸರ್, ಏಕೆಂದರೆ ಅದು ಫಾಸ್ಫರಿಕ್ ಆಮ್ಲದ ಸಾಂದ್ರ ದ್ರಾವಣ, ಪಾತ್ರೆ ತೊಳೆಯುವ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ, ಏಕೆಂದರೆ ಅದು ಬೆಂಕಿಯನ್ನು ಹೆಚ್ಚಿಸುವ ಉತ್ಕರ್ಷಕ. ಖಾಲಿ ಸಿಲಿಂಡರ್ ತಂದರೂ ಪ್ರಯೋಜನವಿಲ್ಲ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳಂತೆ ಅನುಮೋದಿತ ಸಿಲಿಂಡರನ್ನಷ್ಟೇ ಇಲ್ಲಿ ತುಂಬಬಹುದು. ಹೊರಗಿನ ಮುದ್ರೆಯದನ್ನು ಡೀಲರ್ ಮುಟ್ಟುವುದಿಲ್ಲ, ಮುಟ್ಟಲೂಬಾರದು.

ಕಸ್ಟಮ್ಸ್‌ನಲ್ಲಿ ಅಸಲಿ ಬಿಲ್ ಕೈಯಲ್ಲಿರಲಿ. 2016ರ ಬ್ಯಾಗೇಜ್ ನಿಯಮದಲ್ಲಿ ಸುಂಕವಿಲ್ಲದ ಮಿತಿ 50,000 ರೂಪಾಯಿ ಇತ್ತು. ಈ ಅಂಕಿ ಬದಲಾಗುವಂಥದ್ದು, ಹೊರಡುವ ವಾರ ನೋಡಿಕೊಳ್ಳಿ. ಒಂದೇ ಮಾದರಿಯ ನಾಲ್ಕೈದು ಕೆಗ್ ಕಂಡರೆ ವ್ಯಾಪಾರದ ಮಾಲು ಎಂಬ ಪ್ರಶ್ನೆ ಬರುತ್ತದೆ, ಎರಡು ಸಾಕು. ಯುರೋಪಿನಲ್ಲಿ ಕೊಂಡವರು ಅಲ್ಲಿಯ ತೆರಿಗೆ ವಾಪಸಾತಿಯ ಮುದ್ರೆಯನ್ನು ಬ್ಯಾಗ್ ಕೊಡುವ ಮುನ್ನವೇ ಹಾಕಿಸಬೇಕು. ಸಾಮಾನು ತೋರಿಸಿ ಎಂದರೆ ತೋರಿಸಲು ಅದು ಕೈಯಲ್ಲಿರಬೇಕಲ್ಲ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹೊರದೇಶದ ವಿಮಾನ ಇಲ್ಲ. ಮುಂಬೈ ಅಥವಾ ಬೆಂಗಳೂರಿನಲ್ಲಿ ಬೇರೆ ಟಿಕೆಟಿನ ಮೇಲೆ ವಿಮಾನ ಬದಲಿಸಿದರೆ ದೇಶದೊಳಗಿನ 15 ಕಿಲೋ ಮಿತಿ ಅಡ್ಡ ಬರುತ್ತದೆ, ಹೆಚ್ಚಿನ ತೂಕದ ದುಡ್ಡಿನಲ್ಲಿ ಉಳಿತಾಯವೆಲ್ಲ ಕರಗುತ್ತದೆ. ಒಂದೇ ಟಿಕೆಟಿನಲ್ಲಿ ಬರೆಸಿ, ಇಲ್ಲವೇ ಅಲ್ಲಿಂದ ರೈಲು ಹಿಡಿಯಿರಿ. ಗೋವಾಕ್ಕೆ ಇಳಿದು ಚೋರ್ಲಾ ಘಾಟ್ ಹತ್ತಿ ಬರುವವರು ಒಂದು ನೆನಪಿಡಿ: ಆ ದಾರಿಯಲ್ಲಿ ಮದ್ಯಕ್ಕಾಗಿ ತಪಾಸಣೆ ಇರುತ್ತದೆ. ಒಣಗಿದ, ಬಾಯಿ ತೆರೆದ ಕೆಗ್ ಮತ್ತು ಬಿಲ್ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಥ್ರೆಡ್ಡಿನ ತಂಟೆ

ಈ ಸೆಟ್ಟಿನಲ್ಲಿ ದಂಡವಾದ ಸಾಮಾನು ಎಂದರೆ ರೆಗ್ಯುಲೇಟರ್. ಅಮೆರಿಕದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಬಾಯಿ ಸಿಜಿಎ 320 ಎಂಬ ಅಳತೆಯದು, ನಮ್ಮ ಸಿಲಿಂಡರಿನ ವಾಲ್ವ್ ಅದಲ್ಲ. ನಡುವೆ ಒಂದು ಅಡಾಪ್ಟರ್ ಲೇಥಿನಲ್ಲಿ ತಿರುವಿಸಿಕೊಂಡರಾಯಿತು ಎಂದು ಅನಿಸುವುದು ಸಹಜ, ಅದರಲ್ಲೂ ಬೆಳಗಾವಿಯಲ್ಲಿ. ದಯವಿಟ್ಟು ಬೇಡ. 20 ಡಿಗ್ರಿಯಲ್ಲೇ ಆ ಬಾಯಲ್ಲಿ 57 ಬಾರ್ ಒತ್ತಡ ಇರುತ್ತದೆ, 30 ಡಿಗ್ರಿಗೆ 72 ಬಾರ್. ಇದು ಪರೀಕ್ಷೆಯಾಗದ ತುಂಡಿನ ಮೇಲೆ ಭರವಸೆ ಇಡುವ ಜಾಗವಲ್ಲ.

ಸರಿಯಾದ ದಾರಿ: ವೆಲ್ಡಿಂಗ್ ಗ್ಯಾಸ್ ಡೀಲರ್ ಹತ್ತಿರ ನಮ್ಮ ಸಿಲಿಂಡರಿಗೆ ಕೂಡುವ ರೆಗ್ಯುಲೇಟರನ್ನೇ ಕೊಳ್ಳಿ. ಕೊಳ್ಳುವಾಗ ಎರಡು ಸಂಗತಿ ನೋಡಿ. ಮಿಗ್ ವೆಲ್ಡಿಂಗಿನದು ನಿಮಿಷಕ್ಕೆ ಎಷ್ಟು ಲೀಟರ್ ಎಂದು ಹರಿವು ತೋರಿಸುತ್ತದೆ, ಅದು ಬೇಡ. ಹೊರಬರುವ ಒತ್ತಡ ತೋರಿಸುವುದೇ ಬೇಕು. ಗೇಜಿನ ಅಳತೆಯೂ ಸಣ್ಣದಿರಬೇಕು, 0ರಿಂದ 4 ಬಾರ್ ಒಳ್ಳೆಯದು. 0ರಿಂದ 16 ಬಾರಿನ ಗೇಜಿನಲ್ಲಿ 12 ಪಿಎಸ್‌ಐ (ಒತ್ತಡದ ಇನ್ನೊಂದು ಅಳತೆ, ಸುಮಾರು 0.8 ಬಾರ್) ಅಂದರೆ ಮುಳ್ಳು ಅಲುಗಿದ್ದೇ ಕಾಣುವುದಿಲ್ಲ.

ಎರಡನೇ ತೊಡಕು ರೆಗ್ಯುಲೇಟರಿನ ಹೊರಬಾಯಲ್ಲಿ. ನಮ್ಮಲ್ಲಿ ಕಾಲು ಇಂಚಿನ ಬಿಎಸ್‌ಪಿ ಥ್ರೆಡ್ (ಬ್ರಿಟಿಷ್ ಅಳತೆ), ಅಮೆರಿಕದ ಫಿಟ್ಟಿಂಗ್ ಕಾಲು ಇಂಚಿನ ಎನ್‌ಪಿಟಿ (ಅಲ್ಲಿಯ ಅಳತೆ). ಮೊದಲನೆಯದಕ್ಕೆ ಇಂಚಿಗೆ 19 ಥ್ರೆಡ್, 55 ಡಿಗ್ರಿ ಕೋನ. ಎರಡನೆಯದಕ್ಕೆ 18, 60 ಡಿಗ್ರಿ. ಒಂದೆರಡು ಸುತ್ತು ಕೂಡಿದಂತೆಯೇ ಅನಿಸುತ್ತದೆ, ಆಮೇಲೆ ಬಿಗಿಯುತ್ತದೆ. ಎಷ್ಟು ಟೆಫ್ಲಾನ್ ಸುತ್ತಿದರೂ ಸೋರುವುದು ನಿಲ್ಲುವುದಿಲ್ಲ. ಉದ್ಯಮಬಾಗದ ಹೈಡ್ರಾಲಿಕ್ ಫಿಟ್ಟಿಂಗ್ ಅಂಗಡಿಗಳಲ್ಲಿ ಬಿಎಸ್‌ಪಿ-ಎನ್‌ಪಿಟಿ ಅಡಾಪ್ಟರ್ ತಯಾರಾಗಿಯೇ ಸಿಗುತ್ತದೆ. ಈ ಊರಿನವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ.

ಡಿಸ್‌ಕನೆಕ್ಟ್ ಕೊಳ್ಳುವಾಗ ಪೈಪ್ ತುರುಕುವ ಮೊನೆಯದು ಬೇಡ, ಫ್ಲೇರ್ ಥ್ರೆಡ್‌ನದು ಕೊಳ್ಳಿ. ಅದು ಕಾಲು ಇಂಚಿನ ಫ್ಲೇರ್, ಎಂದರೆ 7/16 ಇಂಚು, ಇಂಚಿಗೆ 20 ಥ್ರೆಡ್. ಫ್ರಿಜ್, ಎಸಿ ರಿಪೇರಿಯವರು ಬಳಸುವ ಕಾಲು ಇಂಚಿನ ಹಿತ್ತಾಳೆ ಫ್ಲೇರ್ ನಟ್ ಇದಕ್ಕೆ ಸರಿಯಾಗಿ ಕೂಡುತ್ತದೆ. ಆದರೆ ಹಿತ್ತಾಳೆ ಗ್ಯಾಸಿನ ಕಡೆಗೆ ಮಾತ್ರ. ಸೋಡಾ, ಕೊಂಬುಚಾ ಎರಡೂ ಹುಳಿ, ದ್ರವದ ಕಡೆ ಹಾಕಿದರೆ ತಾಮ್ರ ಕರಗಿ ಲೋಟಕ್ಕೆ ಬರುತ್ತದೆ. ಅಲ್ಲಿಗೆ ನೀರಿನ ಫಿಲ್ಟರಿನವರ ಕಾಲು ಇಂಚಿನ ಬಿಳಿ ಪೈಪ್ ಮತ್ತು ಪುಶ್ ಫಿಟ್ಟಿಂಗ್ ಉತ್ತಮ. ಕಂಪ್ರೆಸರಿನ ನೀಲಿ ಪಿಯು ಪೈಪ್ ನೋಡಲು ಹಾಗೇ ಇದ್ದರೂ ಕುಡಿಯುವುದಕ್ಕೆ ಮಾಡಿದ್ದಲ್ಲ.

ರಿಂಗು, ಗ್ಯಾಸು, ಒತ್ತಡ

ನಾಲ್ಕು ವರ್ಷದಲ್ಲಿ ಕೆಗ್ಗಿನಲ್ಲಿ ಕೆಟ್ಟದ್ದು ಸೋರದಂತೆ ತಡೆಯುವ ರಬ್ಬರಿನ ಓ-ರಿಂಗ್ ಮಾತ್ರ. ಮುಚ್ಚಳದ್ದು ವರ್ಷಕ್ಕೊಮ್ಮೆ, ಪೋಸ್ಟಿನದು ಆರೇಳು ತಿಂಗಳಿಗೊಮ್ಮೆ ಬದಲಿ ಬೇಡಿತು. ಇವು ಇಂಚಿನ ಅಳತೆಯವು. ಪೋಸ್ಟ್ ರಿಂಗಿನ ದಪ್ಪ 2.62 ಮಿ.ಮೀ., ಅಂಗಡಿಯವರು ಹತ್ತಿರದ್ದೆಂದು ಕೊಡುವ ಮೆಟ್ರಿಕ್ ರಿಂಗ್ 2.5. ಆ ಕೂದಲೆಳೆಯ ವ್ಯತ್ಯಾಸಕ್ಕೆ ರಾತ್ರಿ ಬೆಳಗಾಗುವುದರೊಳಗೆ ಸಿಲಿಂಡರ್ ಖಾಲಿ. ಹಳೆಯ ರಿಂಗ್ ಒಯ್ದು ವರ್ನಿಯರ್ ಹಿಡಿಸಿ ತನ್ನಿ. ಹೈಡ್ರಾಲಿಕ್ ಕೆಲಸದ ಕಪ್ಪು ನೈಟ್ರೈಲ್ ರಿಂಗಿನಿಂದ ಪಾನೀಯಕ್ಕೆ ರಬ್ಬರ್ ವಾಸನೆ ಹತ್ತುತ್ತದೆ. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಅಥವಾ ಇಪಿಡಿಎಂ ರಬ್ಬರ್ ಎಂದೇ ಕೇಳಿ. ಇಪಿಡಿಎಂಗೆ ವ್ಯಾಸಲೀನ್, ಗ್ರೀಸ್ ಸವರಿದರೆ ಉಬ್ಬಿ ಹಾಳಾಗುತ್ತದೆ, ಸಿಲಿಕೋನ್ ಗ್ರೀಸ್ ಸಾಕು. ಹೊರಗಿನಿಂದ ತರುವಾಗ ನಾಲ್ಕು ಸೆಟ್ ರಿಂಗು, ಎರಡು ಜೊತೆ ಪಾಪೆಟ್ (ಪೋಸ್ಟಿನೊಳಗಿನ ಸ್ಪ್ರಿಂಗ್ ವಾಲ್ವ್), ಒಂದು ಮುಚ್ಚಳ ಹೆಚ್ಚುವರಿ ತನ್ನಿ. ಎಲ್ಲ ಸೇರಿದರೂ ತೂಕ ಹೆಚ್ಚಲ್ಲ.

ಗ್ಯಾಸ್ ಡೀಲರಿಗೆ ಆಹಾರ ದರ್ಜೆಯದು ಬೇಕು ಎಂದು ಸ್ಪಷ್ಟವಾಗಿ ಹೇಳಿ. ಸಿಲಿಂಡರ್ ನೆಟ್ಟಗೆ, ನೆರಳಿನಲ್ಲಿ, ಗಾಳಿಯಾಡುವ ಕಡೆ ಇರಲಿ. ಮುಚ್ಚಿದ ಕೋಣೆಯಲ್ಲಿ ಸೋರಿದ ಈ ಗ್ಯಾಸು ನೆಲಮಟ್ಟದಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. ಎಷ್ಟು ಉಳಿದಿದೆ ಎಂದು ಗೇಜ್ ನೋಡಿ ತಿಳಿಯದು. ಒಳಗೆ ದ್ರವ ಇರುವತನಕ ಮುಳ್ಳು ಒಂದೇ ಕಡೆ ನಿಲ್ಲುತ್ತದೆ, 31 ಡಿಗ್ರಿ ದಾಟಿದರೆ ದ್ರವವೆಂಬುದೇ ಉಳಿಯುವುದಿಲ್ಲ, ಏಪ್ರಿಲ್ ಮಧ್ಯಾಹ್ನ ಮುಳ್ಳು ಮೇಲೇರುತ್ತದೆ. ತಕ್ಕಡಿ ಒಂದೇ ನಂಬಿಗಸ್ತ.

ಸೋಡಾಕ್ಕೆ 17 ಲೀಟರ್ ನೀರು ಹಾಕಿ, 4 ಡಿಗ್ರಿಗೆ ತಣಿಸಿ, 30 ಪಿಎಸ್‌ಐನಲ್ಲಿ ಎರಡು ದಿನ ಬಿಡಿ. ಗೋಲಿ ಸೋಡಾದಷ್ಟೇ ಖಾರ ಬರುತ್ತದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಸಮುದ್ರಮಟ್ಟಕ್ಕೆ ಬರೆದ ಒತ್ತಡದ ಪಟ್ಟಿಯ ಅಂಕಿಗೆ 1 ಪಿಎಸ್‌ಐಗಿಂತ ತುಸು ಹೆಚ್ಚು ಕೂಡಿಸಿಕೊಳ್ಳಿ. ಅವಸರಕ್ಕೆ ಕೆಗ್ ಮಲಗಿಸಿ ಉರುಳಿಸುವವರು ಗ್ಯಾಸ್ ಲೈನಿನಲ್ಲಿ ನಾನ್-ರಿಟರ್ನ್ ವಾಲ್ವ್ ಹಾಕದೆ ಮಾಡಬೇಡಿ, ನೀರು ರೆಗ್ಯುಲೇಟರಿಗೆ ನುಗ್ಗುತ್ತದೆ. 30 ಪಿಎಸ್‌ಐಗೆ ಟ್ಯಾಪಿನ ಪೈಪ್ 6 ಮೀಟರಾದರೂ ಬೇಕು. ಗಿಡ್ಡ ಪೈಪಿನಲ್ಲಿ ಲೋಟದ ತುಂಬ ನೊರೆ, ಸೋಡಾ ಸಪ್ಪೆ. ಕೆಗ್ಗಿನಲ್ಲಿ ಬರೀ ಸೋಡಾ ಇಡಿ, ಕೋಕಂ ಪಾಕ, ಅಲ್ಲದ ರಸ ಲೋಟಕ್ಕೆ ಹಾಕಿ. ಸಕ್ಕರೆ ಒಳಗೆ ಹೋದರೆ ಪಾಪೆಟ್ ಅಂಟುತ್ತದೆ, ಹುಳಿಯೂ ಹಿಡಿಯುತ್ತದೆ.

ಕೊಂಬುಚಾ 12 ಪಿಎಸ್‌ಐಗೆ ಸಾಕು. ಪಿಎಚ್ 3ರ ಹತ್ತಿರ ಬಂದ ಕೂಡಲೇ ಸೋಸಿ ಕೆಗ್ಗಿಗೆ ತುಂಬಿ ನೇರ ತಂಪಿಗೆ ಇಡಬೇಕು. ಕೋಣೆಯ ಬಿಸಿಯಲ್ಲಿ ಮುಚ್ಚಿ ಇಟ್ಟರೆ ಈಸ್ಟ್ ಉಳಿದ ಸಕ್ಕರೆ ತಿನ್ನುತ್ತಲೇ ಇರುತ್ತದೆ, ಒತ್ತಡದ ಜೊತೆಗೆ ಮದ್ಯಸಾರವೂ ಏರುತ್ತದೆ.

ಅಳತೆಯ ಸಾಮಾನು, ಕರೆಂಟು, ತೊಳೆಯುವುದು

ರಿಫ್ರಾಕ್ಟೋಮೀಟರ್ ತಂದದ್ದು ವ್ಯರ್ಥ. ಅಥಣಿ ಕಡೆ ದ್ರಾಕ್ಷಿ ಬೆಳೆಯುವವರು, ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದವರು ಬ್ರಿಕ್ಸ್ (ರಸದ ಸಕ್ಕರೆ ಅಂಶ) ನೋಡಲು ಬಳಸುವುದೂ ಇದನ್ನೇ, ಇಲ್ಲೇ ಸಿಗುತ್ತದೆ. ಅದರ ತಾನೇ ಸರಿಹೊಂದುವ ವ್ಯವಸ್ಥೆ 30 ಡಿಗ್ರಿಯವರೆಗೆ ಮಾತ್ರ. ಹೈಡ್ರೋಮೀಟರಿನ ಕಾಗದದ ಮೇಲೆ ಯಾವ ಉಷ್ಣತೆಗೆ ಅಳತೆ ಕಟ್ಟಿದ್ದಾರೆ ನೋಡಿ: 20 ಡಿಗ್ರಿಯದಾದರೆ 35 ಡಿಗ್ರಿಯ ಪಾಕದಲ್ಲಿ ಅದು ತೋರಿಸಿದ ಸಾಂದ್ರತೆಗೆ 0.004 ಕೂಡಿಸಬೇಕು, 60 ಫ್ಯಾರನ್‌ಹೀಟ್‌ನದಾದರೆ 0.005. ಪಿಎಚ್ ಮೀಟರಿನ ಎಲೆಕ್ಟ್ರೋಡ್ ಎರಡು ವರ್ಷಕ್ಕೆ ಸತ್ತಿತು. ಅದನ್ನು ಬರೀ ನೀರಿನಲ್ಲಿ ನೆನೆಯಿಡಬಾರದು, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೇ ಇಡಬೇಕು.

ಅಮೆರಿಕದ 120 ವೋಲ್ಟಿನ ಕಾಯಿಸುವ ಪಾತ್ರೆಗೆ ನಮ್ಮ 230 ವೋಲ್ಟ್ ಕೊಟ್ಟರೆ ಅದು ಎಳೆಯುವ ಶಕ್ತಿ ಸುಮಾರು 3.7 ಪಟ್ಟು, ಕ್ಷಣದಲ್ಲಿ ಸುಡುತ್ತದೆ. ಬೇಕೇಬೇಕೆಂದರೆ ಬ್ರಿಟನ್, ಯುರೋಪ್, ಆಸ್ಟ್ರೇಲಿಯಾದ 220-240 ವೋಲ್ಟಿನದು ತಂದು 16 ಆಂಪಿಯರ್ ಪ್ಲಗ್ ಹಾಕಿಸಿ. ಸೋಡಾ, ಕೊಂಬುಚಾಗೆ ಗ್ಯಾಸಿನ ಒಲೆ, ದೊಡ್ಡ ಸ್ಟೀಲ್ ಪಾತ್ರೆ ಸಾಕು.

ತಂಪಿಗೆ ಸಣ್ಣ ಒಂಟಿ ಬಾಗಿಲ ಫ್ರಿಜ್ ಆಗದು, ಹಿಂದೆ ಕಂಪ್ರೆಸರಿನ ಗುಬುಟಿಗೆ ಕೆಗ್ ನಿಲ್ಲುವುದಿಲ್ಲ. ಮೇಲೆ ತೆರೆಯುವ ಡೀಪ್ ಫ್ರೀಜರಿಗೆ ಉಷ್ಣತೆ ನಿಯಂತ್ರಕ ಹಾಕಿ 4 ಡಿಗ್ರಿಗೆ ಇಡಿ. ಒಳ ಎತ್ತರ 72 ಸೆಂ.ಮೀ. ಇದ್ದರೆ ಡಿಸ್‌ಕನೆಕ್ಟ್ ಸಮೇತ ಮುಚ್ಚುತ್ತದೆ.

ಕೆಗ್ಗಿಗೆ ಬ್ಲೀಚಿಂಗ್ ಪುಡಿ ಎಂದೂ ಬೇಡ. ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲನ್ನೂ ಚುಕ್ಕಿ ಚುಕ್ಕಿಯಾಗಿ ತಿಂದು ತೂತು ಮಾಡುತ್ತದೆ. ಬೋರ್‌ವೆಲ್ ನೀರಿನ ಬಿಳಿ ಪದರಕ್ಕೆ ಲೀಟರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ ಹಾಕಿದ ಬಿಸಿನೀರು ಅರ್ಧ ಗಂಟೆ ನಿಂತರೆ ಹೋಗುತ್ತದೆ. ತಿಂಗಳುಗಟ್ಟಲೆ ಬಳಕೆ ಇಲ್ಲದಿದ್ದರೆ ತೊಳೆದು, ಒಣಗಿಸಿ, ಮುಚ್ಚಿ 10 ಪಿಎಸ್‌ಐ ಗ್ಯಾಸ್ ತುಂಬಿಡಿ. ಮಳೆಗಾಲ ಮುಗಿದ ಮೇಲೆ ಒತ್ತಡ ಬಿಡಲು ಮುಚ್ಚಳದ ಮೇಲಿರುವ ಉಂಗುರ ಎಳೆದಾಗ ಬುಸ್ ಎಂದರೆ ರಿಂಗುಗಳು ಗಟ್ಟಿಯಿವೆ. ಸದ್ದು ಬರದಿದ್ದರೆ ಸೋಪಿನ ನೊರೆ ಹಚ್ಚಿ ಹುಡುಕುವ ಕೆಲಸ ಪೋಸ್ಟಿನಿಂದಲೇ ಶುರು ಮಾಡಿ.